ಏಳನೇ ಬಟ್ಟಲಿನ ಗೌರಮ್ಮ

ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವವರ ಮಗಳು ಚೈತ್ರ ಬಿ.ಕಾಂ. ಮುಗಿಸಿ ಒಂದು ಕಂಪನಿಯ ಲೆಕ್ಕ ವಿಭಾಗಕ್ಕೆ ಸೇರಿದ್ದಾಳೆ. ಮೊನ್ನೆ ನಾನು ಬನಶಂಕರಿ ಮಾರ್ಕೆಟ್ಟಿನಿಂದ ಅವರೆಕಾಯಿ ತಂದು ಸುಲಿಯುತ್ತ ಕೂತಿದ್ದಾಗ ಬಂದಳು. ಕಾಯಿಗೆ ಕೈ ಹಾಕಿದವಳೇ ಕೇಳಿದಳು:

“ಆಂಟಿ, ಈ ಸಬ್ ಅಕೌಂಟ್ ಅನ್ನೋದು ಏನ್ ಅಂಥಾ ದೊಡ್ಡ ವಿಷಯ? ಲಿಸ್ಟಲ್ಲಿ ಒಂದನ್ನ ಸೆಲೆಕ್ಟ್ ಮಾಡಿದ್ರೆ ಆಯ್ತಲ್ವಾ? ನಮ್ ಮ್ಯಾನೇಜರ್ ಅದಕ್ಕೇ ಒಂದ್ ಗಂಟೆ ಬೈದ್ರು.”

“ಆಯ್ತು ಕಣೇ, ಒಂದನ್ನ ಸೆಲೆಕ್ಟ್ ಮಾಡಿದ್ರೆ ಆಯ್ತು,” ಎಂದೆ. “ಯಾವುದನ್ನ ಅಂತ ಗೊತ್ತಿರಬೇಕು, ಅಷ್ಟೆ.”

ಅವಳು ನಕ್ಕು, ಸುಲಿದದ್ದಕ್ಕಿಂತ ಹೆಚ್ಚು ಕಾಳು ಬಾಯಿಗೆ ಹಾಕಿಕೊಂಡು ಹೋದಳು. ನನಗೆ ಮಾತ್ರ ಅಂದಿನಿಂದ ಸಮಾಧಾನವಿಲ್ಲ. ಅವಳಿಗೆ ಹೇಳಬೇಕಾಗಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಬೀಳ್ಕೊಡುಗೆಯಲ್ಲಿ ಯಾವ ಹಾರ ಹಾಕಿದರು ಎಂಬುದೆಲ್ಲ ಇದರಲ್ಲಿಲ್ಲ. ಗೆದ್ದ ಕಥೆಯೂ ಇದಲ್ಲ. ಗೌರಮ್ಮ ಎಂಬ ಹೆಂಗಸು ಒಂದು ಕಾರ್ಖಾನೆಯಲ್ಲಿ ಇಷ್ಟು ವರ್ಷ ದುಡಿದಳು ಎಂದು ಆ ಕಾರ್ಖಾನೆಯ ಲೆಕ್ಕ ಒಪ್ಪಿಕೊಳ್ಳುತ್ತದೋ ಇಲ್ಲವೋ ಎಂಬ ವಿಷಯ. ನಡುವೆ ನನ್ನ ಹರಟೆಯೂ ಬರುತ್ತದೆ, ಸಹಿಸಿಕೊಳ್ಳಿ.

ನಾನು ಕೆಲಸ ಮಾಡಿದ್ದು ಜೆ.ಪಿ. ನಗರದ ಅಂಚಿನಲ್ಲಿದ್ದ ಒಂದು ಸಿದ್ಧ ಉಡುಪು ಕಾರ್ಖಾನೆಯಲ್ಲಿ. ಕೆಳಗೆ ಹೊಲಿಗೆಯ ಸಾಲುಗಳು, ಮೇಲೆ ನಮ್ಮ ಲೆಕ್ಕದ ಕೋಣೆ. ಯಂತ್ರಗಳೆಲ್ಲ ಒಟ್ಟಿಗೆ ಓಡಿದಾಗ ನಮ್ಮ ಮೇಜಿನ ಮೇಲಿನ ಗುಂಡುಸೂಜಿ ಡಬ್ಬಿ ತಾನಾಗಿ ಜರುಗುತ್ತಿತ್ತು. ನನಗೆ ಕೆಲಸ ಕಲಿಸಿದವರು ಮುಖ್ಯ ಲೆಕ್ಕಿಗರಾಗಿದ್ದ ರಾಯರು. ಅವರು ಬೈದರೆ ಬೈದಂತೆ ಕೇಳಿಸುತ್ತಿರಲಿಲ್ಲ. ಮನೆಗೆ ಹೋಗಿ ಊಟಕ್ಕೆ ಕೂತಾಗ ಉರಿಯುತ್ತಿತ್ತು.

ಮೊದಲ ವಾರ ರಾಯರು ಕೇಳಿದರು: “ಏನಮ್ಮಾ ವಿಮಲಾ, ನಿಮ್ಮನೇಲಿ ಒಗ್ಗರಣೆ ಡಬ್ಬಿ ಇದೆಯಾ?”

“ಇದೆ ಸಾರ್.”

“ಎಷ್ಟು ಮುಚ್ಚಳ?”

“ಒಂದೇ ಸಾರ್.”

“ಒಳಗೆ?”

“ಏಳು ಬಟ್ಟಲು.”

“ಅಷ್ಟೇ ನೋಡು. ಡಬ್ಬಿ ಮುಖ್ಯ ಖಾತೆ. ಬಟ್ಟಲು ಉಪಖಾತೆ. ಯಜಮಾನರು ಬಂದು ಡಬ್ಬಿ ಎಷ್ಟು ತೂಕ ಅಂತ ಕೇಳ್ತಾರೆ, ಹೇಳ್ತೀವಿ. ಸಾಸಿವೆ ಎಷ್ಟು ಖರ್ಚಾಯ್ತು ಅಂತ ಕೇಳ್ತಾರೆ, ಅದನ್ನೂ ಹೇಳ್ಬೇಕು. ಸಾಸಿವೆ ಬಟ್ಟಲಿಗೆ ಮೆಂತ್ಯ ಹಾಕಿದ್ರೆ ಡಬ್ಬಿ ತೂಕ ಬದಲಾಗಲ್ಲ. ಒಗ್ಗರಣೆ ಕೆಡುತ್ತೆ.”

ಎಷ್ಟೋ ತರಬೇತಿಗಳಿಗೆ ನನ್ನನ್ನು ಕಳಿಸಿದರು. ಬಣ್ಣಬಣ್ಣದ ಪರದೆ ಹಾಕಿ ಇಂಗ್ಲಿಷಿನಲ್ಲಿ ಹೇಳಿದರು. ರಾಯರ ಒಗ್ಗರಣೆ ಡಬ್ಬಿಗಿಂತ ಹೆಚ್ಚಿನದು ಯಾರೂ ಹೇಳಲಿಲ್ಲ.

ಅಷ್ಟು ಹೇಳಿಸಿಕೊಂಡೂ ಎಡವಿದೆ. ಒಂದು ತಿಂಗಳು ಹೊಲಿಗೆ ದಾರ ಖರೀದಿಸಿದ್ದನ್ನೆಲ್ಲ ಟೀ ಕಾಫಿಯ ಉಪಖಾತೆಗೆ ಬರೆದುಬಿಟ್ಟೆ. ಎರಡರ ಸಂಖ್ಯೆಗಳೂ ಅಕ್ಕತಂಗಿಯರ ಹಾಗಿದ್ದವು. ತಿಂಗಳ ಕೊನೆಗೆ ಜಮಾ ಖರ್ಚು ತಾಳೆಯಾಯಿತು, ನಾನು ಬೀಗಿದೆ. ಪಟ್ಟಿ ನೋಡಿದ ಹಳೆಯ ಯಜಮಾನರು ಮೆಟ್ಟಿಲಿನಿಂದಲೇ ಕೂಗಿದರು: “ರಾಯರೇ, ನಮ್ ಹೆಣ್ಮಕ್ಳು ಇಷ್ಟು ಟೀ ಕುಡಿದ್ರೆ ಹೊಲಿಯೋದು ಯಾವಾಗ್ರೀ?” ಇಡೀ ಕೋಣೆ ನಕ್ಕಿತು. ರಾಯರು ನಗಲಿಲ್ಲ. “ತಾಳೆ ಆಯ್ತು ಅಂದ್ರೆ ಸರಿ ಇದೆ ಅಂತಲ್ಲಮ್ಮ,” ಎಂದರು. “ತಪ್ಪು ಎರಡು ಕಡೆನೂ ಸಮ ಇದೆ ಅಂತಲೂ ಇರಬಹುದು.” ಹೊಸದಾಗಿ ಸೇರುವವರು ಈ ಒಂದು ಮಾತನ್ನು ಸೆರಗಿಗೆ ಗಂಟು ಹಾಕಿಕೊಳ್ಳಿ. ಸೆರಗಿಲ್ಲದವರು ಬೇರೆ ಎಲ್ಲಾದರೂ ಇಟ್ಟುಕೊಳ್ಳಿ.

ಇನ್ನು ‘ಇತರೆ’ ಎಂಬ ಬಟ್ಟಲಿನ ವಿಷಯ. ಯಾವ ಕಂಪನಿಗೇ ಹೋಗಿ, ಕಾರ್ಮಿಕರ ಕ್ಷೇಮದ ಖರ್ಚಿನಲ್ಲಿ ಅದೊಂದು ಇರುತ್ತದೆ. ಎಲ್ಲಿ ಹಾಕಬೇಕು ಎಂದು ತೋಚದ್ದನ್ನೆಲ್ಲ ಅಲ್ಲಿ ಸುರಿಯುವುದು. ನಮ್ಮಲ್ಲಿ ಆಯುಧಪೂಜೆಯ ಬೂದುಗುಂಬಳಕಾಯಿ, ಗೋದಾಮಿಗೆ ನುಗ್ಗಿದ ಹಾವು ಹಿಡಿದವನ ಕೂಲಿ, ಮಕ್ಕಳ ಹಾಲು, ಬಾಳೆಹಣ್ಣು, ಗೌರಮ್ಮನ ಸಂಬಳ, ಎಲ್ಲ ಅದರಲ್ಲೇ ಇದ್ದವು. ಒಂದು ವರ್ಷ ರಾಯರು ಕನ್ನಡಕ ಮೇಲೆತ್ತಿ, “ಏನಮ್ಮಾ, ಇದು ಇತರೆಯೋ ಹಿತ್ತಲೋ?” ಎಂದರು. ಅಂದೇ ಕೂತು ಬಿಡಿಸಿ ಒಂದು ಹೊಸ ಉಪಖಾತೆ ತೆರೆದರು. ಹೆಸರು ‘ಕೂಸಿನ ಮನೆ’. ಸಂಖ್ಯೆ ಏಳು.

“ಹೆಸರಿಲ್ಲದ ಡಬ್ಬೀಲಿ ಹುಳ ಮೊದಲು ಬೀಳೋದು” ಎಂದು ನನ್ನ ಅಜ್ಜಿ ಹೇಳುತ್ತಿದ್ದದ್ದು ಆಗ ನೆನಪಾಯಿತು. ಮಕ್ಕಳ ಹಾಲಿಗೆ ಒಂದು ಹೆಸರು ಬಂತಲ್ಲ ಎಂದು ಖುಷಿಪಟ್ಟೆ.

ಕೂಸಿನ ಮನೆ ಎಂದರೆ ಕೆಳಗೆ, ಹೊಲಿಗೆಯ ಸಾಲುಗಳ ಹಿಂದಿದ್ದ ಒಂದು ಉದ್ದನೆಯ ಕೋಣೆ. ಛಾವಣಿಯ ಕಬ್ಬಿಣದ ಕೊಕ್ಕೆಗಳಿಗೆ ಹಳೆ ಸೀರೆ ಕಟ್ಟಿ ತೊಟ್ಟಿಲು ಮಾಡಿದ್ದರು. ತಿಲಕ್ ನಗರದಿಂದ, ಬಿ.ಟಿ.ಎಂ.ನ ಒಳಗಲ್ಲಿಗಳಿಂದ ಬರುವ ಹೆಂಗಸರು ಬೆಳಿಗ್ಗೆ ಕೂಸುಗಳನ್ನು ಅಲ್ಲಿ ಮಲಗಿಸಿ ಯಂತ್ರಕ್ಕೆ ಕೂರುತ್ತಿದ್ದರು. ಟೀ ಗಂಟೆ ಬಾರಿಸಿದರೆ ಅರ್ಧ ಜನ ಟೀ ಬಿಟ್ಟು ಹಾಲೂಡಿಸಲು ಓಡುತ್ತಿದ್ದರು.

ಆ ಕೋಣೆಗೆ ಗೌರಮ್ಮನೇ ದಿಕ್ಕು. ತಲಘಟ್ಟಪುರದವಳು. ಗಂಡ ತೀರಿಹೋಗಿದ್ದ. ಅವಳನ್ನು ಕರೆತಂದದ್ದು ಹಳೆಯ ಯಜಮಾನರ ತಾಯಿ. ಹಾಜರಿ ಪುಸ್ತಕಕ್ಕೆ ಸೇರಿಸೋಣ ಎಂದು ರಾಯರು ಕೇಳಿದಾಗ ಯಜಮಾನರು, “ಗೌರಮ್ಮನಿಗೆ ಹಾಜರಿ ಯಾಕ್ರೀ, ಅವಳು ಮನೆಯವಳಿದ್ದ ಹಾಗೆ” ಎಂದರು. ಪ್ರೀತಿಯಿಂದಲೇ ಅಂದದ್ದು. ಮನೆಯವಳಾದ್ದರಿಂದ ಪಿ.ಎಫ್. ಇಲ್ಲ, ಗುರುತಿನ ಚೀಟಿ ಇಲ್ಲ. ತಿಂಗಳಿಗೊಮ್ಮೆ ಹಾಲಿನವನ ಚೀಟಿಯ ಜೊತೆ ಅವಳದ್ದೂ ಒಂದು ವೋಚರು, ಏಳನೇ ಉಪಖಾತೆಗೆ. ಕೆಲಸಕ್ಕೆ ಸೇರುವ ಮಕ್ಕಳೇ, ನಿಮ್ಮನ್ನು ಯಾವ ಯಜಮಾನರಾದರೂ ಮನೆಯವರ ಹಾಗೆ ಎಂದರೆ, ನಗುತ್ತ ತಲೆಯಾಡಿಸಿ ಹಾಜರಿ ಪುಸ್ತಕ ಎಲ್ಲಿದೆ ಎಂದು ಕೇಳಿ.

ಹೆಬ್ಬೆಟ್ಟು ಒತ್ತಲು ಮೇಲೆ ಬಂದಾಗಲೆಲ್ಲ ಗೌರಮ್ಮ ನನ್ನನ್ನು ಕೆಣಕದೆ ಹೋದವಳಲ್ಲ.

“ಏನ್ ಮೇಡಮ್ಮೋರೆ, ನಿಮ್ ಪುಸ್ತಕದಾಗೆ ನಮ್ ಮಕ್ಳು ಎಲ್ಲವ್ರೆ?”

“ಏಳನೇ ಬಟ್ಟಲಲ್ಲಿ ಇದ್ದಾರೆ ಗೌರಮ್ಮ.”

“ಚೆಂದಾಗ್ ನೋಡ್ಕಳಿ ಮತ್ತೆ. ಒಂದು ಅತ್ರೆ ಎಲ್ಲಾ ಸುರು ಹಚ್ಕತವೆ.”

ಅವಳಿಗೆ ಮಕ್ಕಳ ಅಳುವಿನಲ್ಲೇ ತಾಯಂದಿರ ಗುರುತು. “ಇದು ಮೂರನೇ ಸಾಲಿನ ಸಲ್ಮಾದು, ಹಸಿವು. ಇದು ಮಂಜುಳಂದು, ಬರೀ ನಾಟ್ಕ” ಎನ್ನುತ್ತಿದ್ದಳು. ಜ್ವರ ಬಂದ ಕೂಸಿದ್ದರೆ ತಾಯಿಗೆ ಹೇಳುವ ಮೊದಲು ಮೇಲ್ವಿಚಾರಕನಿಗೆ ಹೇಳಿ, ಅವನ ಬಾಯಿ ಮುಚ್ಚಿಸಿ, ಆಮೇಲೆ ತಾಯಿಯನ್ನು ಕರೆಯುತ್ತಿದ್ದಳು. ಹಾಗೆ ಮಾಡದಿದ್ದರೆ ಆ ತಾಯಿಯ ಅರ್ಧ ದಿನದ ಕೂಲಿ ಹೋಗುತ್ತಿತ್ತು.

ರಾಯರು ನಿವೃತ್ತರಾಗುವಾಗ ನನಗೆ ಹೇಳಿಕೊಟ್ಟ ನಿಯಮಗಳಲ್ಲಿ ಒಂದನ್ನು ಎರಡು ಸಲ ಹೇಳಿದ್ದರು. “ಉಪಖಾತೆ ಮುಚ್ಚಿದರೆ ಅದರ ಸಂಖ್ಯೆಯೂ ಮುಚ್ಚಿತು. ಅದನ್ನ ಇನ್ನೊಂದಕ್ಕೆ ಕೊಡಬೇಡ. ಉಂಡೆದ್ದ ಎಲೆಗೆ ಬೇರೆಯವರನ್ನ ಕೂರಿಸಬಾರದು.”

ಕೈಬರಹದ ಲೆಡ್ಜರು ಹೋಗಿ ಕಂಪ್ಯೂಟರು ಬಂತು. ಆಮೇಲೆ ಯಜಮಾನರ ಮಕ್ಕಳು ಕಾರ್ಖಾನೆಯನ್ನು ಮಾರಿದರು. ಕೊಂಡವರು ದೊಡ್ಡವರು, ಅವರ ಮುಖ್ಯ ಕಚೇರಿ ಬೇರೆ ಊರಿನಲ್ಲಿ. ಅವರದ್ದೇ ಒಂದು ಹೊಸ ವ್ಯವಸ್ಥೆ ಬಂತು. ಅದರಲ್ಲಿ ಒಂದು ಮುಖ್ಯ ಖಾತೆಗೆ ಒಂಬತ್ತೇ ಉಪಖಾತೆ, ಹತ್ತನೆಯದು ಬೇಕೆಂದರೆ ಅಲ್ಲಿಂದ ಅಪ್ಪಣೆ ಬರಬೇಕು. ಹಳೆಯ ಲೆಕ್ಕವನ್ನು ಅದಕ್ಕೆ ಸಾಗಿಸುವಾಗ ಒಂದೊಂದು ವೋಚರನ್ನೂ ಸಾಗಿಸಲಿಲ್ಲ. ಉಪಖಾತೆಗೆ ತಿಂಗಳಿಗೊಂದು ಮೊತ್ತ, ಅಷ್ಟೇ. ಯಾರಿಗೆ ಕೊಟ್ಟದ್ದು, ಯಾತಕ್ಕೆ ಕೊಟ್ಟದ್ದು ಎಂಬ ವಿವರವೆಲ್ಲ ಉದುರಿಹೋಯಿತು. ಹಳೆಯ ವೋಚರು ಕಟ್ಟುಗಳ ಕಾನೂನಿನ ಅವಧಿ ಮುಗಿದಿದೆ ಎಂದು ಗುಜರಿಯವನ ಲಾರಿಗೆ ಹಾಕಿದರು. ನಮ್ಮ ಲೆಕ್ಕದ ಕೋಣೆಯವರು, “ಮೇಡಂ, ರೂಮ್ ಎಷ್ಟು ಅಗಲ ಆಯ್ತು ನೋಡಿ!” ಎಂದು ಸಂತೋಷಪಟ್ಟರು.

ಆಮೇಲೆ ಕೂಸಿನ ಮನೆ ಮುಚ್ಚಿದರು. ಕಾನೂನು ಮುರಿದೇನಲ್ಲ. ಸ್ವಲ್ಪ ದೂರದಲ್ಲಿ ಒಂದು ಪ್ಲೇಹೋಮಿನ ಜೊತೆ ಒಪ್ಪಂದ ಮಾಡಿಕೊಂಡು, ಮಕ್ಕಳನ್ನು ಅಲ್ಲಿ ಬಿಡಬಹುದು ಎಂದು ನೋಟಿಸು ಅಂಟಿಸಿದರು. ಟೀ ಗಂಟೆಯಲ್ಲಿ ಅಷ್ಟು ದೂರ ಓಡಿ ಹಾಲೂಡಿಸಿ ಬರಲು ಯಾರಿಂದಾದೀತು? ಕೆಲವರು ಊರಿನಿಂದ ಅತ್ತೆಯನ್ನು ಕರೆಸಿದರು. ಕೆಲವರು ಕೆಲಸವನ್ನೇ ಬಿಟ್ಟರು. ಸಲ್ಮಾ ಬಿಟ್ಟಳು. ಗೌರಮ್ಮನಿಗೆ ಒಂದು ಸೀರೆ, ಒಂದು ಲಕೋಟೆ ಕೊಟ್ಟು ಕಳಿಸಿದರು. ತೊಟ್ಟಿಲಿನ ಸೀರೆಗಳನ್ನು ಬಿಚ್ಚಿ, ಒಗೆದು, ಮಡಿಸಿಟ್ಟು ಹೋದಳು. ಅವನ್ನು ಆಮೇಲೆ ಯಂತ್ರ ಒರೆಸಲು ಬಳಸಿದರು.

ಆ ಕೋಣೆಗೆ ಕ್ಯಾಮೆರಾಗಳ ಪರದೆಗಳು ಬಂದವು. ಸಾಲಿನ ಮೇಲೆ ಒಂದೊಂದು ಕ್ಯಾಮೆರಾ. ಯಾರು ಎದ್ದರು, ಎಷ್ಟು ಹೊತ್ತು ಎದ್ದರು ಎಂದು ನೋಡಲು. ಅದರ ನಿರ್ವಹಣೆಯ ಬಿಲ್ಲು ನನ್ನ ಮೇಜಿಗೆ ಬಂತು. ಹೊಸ ಫೈನಾನ್ಸ್ ಮ್ಯಾನೇಜರು ನಿಖಿಲ್ ಎಂಬ ಹುಡುಗ. ಕೆಟ್ಟವನಲ್ಲ. ನನಗೆ ಕುರ್ಚಿ ಎಳೆದುಕೊಡುತ್ತಿದ್ದ.

“ಕ್ಯಾಮೆರಾನೂ ಕಾರ್ಮಿಕರ ಸೇಫ್ಟಿಗೇ ಅಂತೆ, ಕ್ಷೇಮದ ಖಾತೆಯಲ್ಲೇ ಅದಕ್ಕೊಂದು ಸಬ್ ಅಕೌಂಟ್ ಬೇಕು ಮೇಡಂ. ಒಂಬತ್ತೂ ಓಪನ್ ಆಗಿಬಿಟ್ಟಿವೆ. ಏಳನೇದು ಮಾತ್ರ ಖಾಲಿ ಬಿದ್ದಿದೆ, ಅದರ ಹೆಸರು ಬದಲಾಯಿಸಿಬಿಡ್ತೀನಿ.”

“ಹೆಸರು ಬದಲಾಯಿಸಿದ್ರೆ ಹಿಂದಿನ ವರ್ಷಗಳದ್ದೂ ಬದಲಾಗುತ್ತೆ ನಿಖಿಲ್. ಅಪ್ಪಣೆ ಕೇಳಿ ಹತ್ತನೇದು ತೆರೀರಿ.”

“ಅಪ್ರೂವಲ್‌ಗೆ ಒಂದ್ ತಿಂಗಳಾಗುತ್ತೆ ಮೇಡಂ. ವೆಂಡರ್ ದಿನಾ ಫೋನ್ ಮಾಡ್ತಾನೆ. ನಂಬರ್ ನಂಬರೇ ಅಲ್ವಾ? ಟೋಟಲ್ ಏನೂ ಹೆಚ್ಚುಕಮ್ಮಿ ಆಗಲ್ಲ.”

“ಟೋಟಲ್ ಆಗಲ್ಲ,” ಎಂದೆ. ಉಂಡೆದ್ದ ಎಲೆಯ ಮಾತನ್ನೂ ಹೇಳಿದೆ. “ಸಖತ್ತಾಗಿದೆ ಮೇಡಂ ಈ ಡೈಲಾಗ್” ಎಂದು ಮೆಚ್ಚಿಕೊಂಡ. ಮೆಚ್ಚಿಕೊಳ್ಳುತ್ತಲೇ ಹೆಸರು ಬದಲಾಯಿಸಿದ. ನಾನು ಮುಖ್ಯ ಕಚೇರಿಗೂ ಬರೆದೆ. ನಿಮ್ಮ ಸಲಹೆಯನ್ನು ಗಮನಿಸಲಾಗಿದೆ ಎಂದು ಉತ್ತರ ಬಂತು.

ಆ ವರ್ಷದ ಪರಿಶೀಲನಾ ಸಭೆಗೆ ಬಂದ ಡೈರೆಕ್ಟರೊಬ್ಬರು ಹಳೆಯ ವರ್ಷಗಳ ಪಟ್ಟಿಯ ಮೇಲೆ ಬೆರಳಾಡಿಸುತ್ತ ಏಳನೇ ಸಾಲಿನಲ್ಲಿ ನಿಂತರು. “ಈ ಸಂಸ್ಥೆ ಅಷ್ಟು ಹಿಂದಿನಿಂದಲೇ ಕ್ಯಾಮೆರಾಗೆ ಖರ್ಚು ಮಾಡ್ತಾ ಬಂದಿದೆ. ದೂರದೃಷ್ಟಿ!” ಎಂದರು. ಸುತ್ತ ಕೂತವರು ತಲೆಯಾಡಿಸಿದರು. ಅವರ ಬೆರಳಿನ ಕೆಳಗಿದ್ದದ್ದು ಮಂಜುಳಳ ಮಗಳ ಬಾಳೆಹಣ್ಣು, ಸಲ್ಮಾಳ ಮಗನ ಹಾಲು, ಗೌರಮ್ಮನ ತಿಂಗಳುಗಳು. ನಾನು ಎದ್ದು, “ಅದು ಕೂಸಿನ ಮನೆಯ ಖರ್ಚು ಸಾರ್” ಎಂದೆ. “ಓಕೆ, ಓಕೆ” ಎಂದು ಮುಂದಿನ ಪುಟಕ್ಕೆ ಹೋದರು. ಪಟ್ಟಿಯಲ್ಲಿ ಹಾಗೇ ಉಳಿಯಿತು.

ಲೆಕ್ಕದಲ್ಲಿ ಏನಾದರೂ ಬಿಟ್ಟುಹೋದರೆ ಒಂದು ದಿನ ಯಾರಾದರೂ ಹುಡುಕುತ್ತಾರೆ. ಮೊತ್ತ ತಾಳೆಯಾಗದೆ ಕುಟುಕುತ್ತದೆ. ಇದರಲ್ಲಿ ಎಲ್ಲವೂ ತಾಳೆಯಾಗಿತ್ತು. ಹುಡುಕಲು ಯಾರಿಗೂ ಕಾರಣವೇ ಇರಲಿಲ್ಲ.

ಕಾರಣವಿದ್ದವಳು ಗೌರಮ್ಮ ಒಬ್ಬಳೇ. ಒಂದು ಬೆಳಿಗ್ಗೆ ಅದೇ ಲಕೋಟೆಯ ಜೊತೆ ಕೊಟ್ಟಿದ್ದ ಸೀರೆ ಉಟ್ಟು ಬಂದಳು. ಮುಖ ಅರಳಿತ್ತು.

“ಮೇಡಮ್ಮೋರೆ, ತಿಲಕ್ ನಗರದಾಗೆ ಒಂದು ಮಕ್ಕಳ ಇಸ್ಕೂಲೈತೆ. ಆಯಾ ಬೇಕಂತೆ. ನನ್ನ ನೋಡ್ದೇಟ್ಗೆ ಒಂದು ಮಗಾ ಬಂದು ಮಡ್ಲಲ್ಲಿ ಕೂತ್ಕಂತು ಕಣ್ರವ್ವಾ! ಆ ಮೇಡಮ್ಮೂ ಒಪ್ಕಂಡವ್ರೆ. ಇಷ್ಟ್ ವರ್ಸ ಅಲ್ಲಿ ಮಕ್ಳು ನೋಡ್ಕಂಡವ್ಳೆ ಅಂತ ಕಂಪ್ನಿಯಿಂದ ಒಂದು ಕಾಗ್ದ ತಂದ್ರೆ ನಾಳಿಂದ್ಲೇ ಬಾ ಅಂದ್ರು.”

ಈಗ ಮಕ್ಕಳ ಶಾಲೆಗಳಲ್ಲಿ ಆಯಾ ಆಗಲು ಅಂಥ ಕಾಗದ ಕೇಳುತ್ತಾರೆ. ಕೇಳಬೇಕಾದ್ದೇ, ಕಾಲ ಕೆಟ್ಟಿದೆ. ಅವಳನ್ನು ಎಚ್.ಆರ್. ಕೋಣೆಗೆ ಕರೆದುಕೊಂಡು ಹೋದೆ. ಅಲ್ಲಿನ ಹುಡುಗಿ ಹೆಸರು ಒತ್ತಿ ನೋಡಿದಳು. “ಇವರು ಸಿಸ್ಟಮ್‌ನಲ್ಲಿ ಇಲ್ಲ ಮೇಡಂ. ಎಂಪ್ಲಾಯೀ ನಂಬರ್ ಎಷ್ಟು?”

“ನಂಬರ್ ಇಲ್ಲ. ವೋಚರಲ್ಲಿ ಸಂಬಳ ಕೊಡ್ತಿದ್ವಿ.”

“ಹಾಗಾದ್ರೆ ಫೈನಾನ್ಸ್‌ನವರು ಕನ್ಫರ್ಮ್ ಮಾಡ್ಲಿ, ನಾನು ಲೆಟರ್ ಕೊಡ್ತೀನಿ.”

ನಿಖಿಲ್ ಪರದೆಯನ್ನು ನಮ್ಮ ಕಡೆ ತಿರುಗಿಸಿದ. ಏಳನೇ ಉಪಖಾತೆ, ಕ್ಯಾಮೆರಾ ನಿರ್ವಹಣೆ. ಕೆಳಗೆ ವರ್ಷಗಳು, ತಿಂಗಳುಗಳು, ಮೊತ್ತಗಳು.

“ಈ ಮೊತ್ತದಲ್ಲೇ ಇದಾರೆ ನಿಖಿಲ್, ಪ್ರತೀ ತಿಂಗಳೂ. ನಾನೇ ಬರೆದಿದ್ದು.”

“ನಾನು ನಂಬ್ತೀನಿ ಮೇಡಂ, ದೇವ್ರಾಣೆ. ಆದ್ರೆ ಸೈನ್ ಮಾಡೋಕೆ ಏನಾದ್ರೂ ತೋರಿಸಬೇಕಲ್ಲ. ಇಲ್ಲಿ ಕ್ಯಾಮೆರಾ ಅಂತ ಇದೆ.”

ಓದು ಬಾರದ ಗೌರಮ್ಮ ಪರದೆಯನ್ನೇ ನೋಡುತ್ತಿದ್ದಳು. “ಏನಂತೆ?” ಎಂದಳು. ಹೇಳಿದೆ.

“ಹಂಗಾದ್ರೆ ನಾನು ಕ್ಯಾಮೆರಾನಾ ಮೇಡಮ್ಮೋರೆ?” ಎಂದು ನಕ್ಕಳು. ನಾವು ಯಾರೂ ನಗದೇ ಇದ್ದದ್ದು ನೋಡಿ ನಿಲ್ಲಿಸಿದಳು. “ಹೋಗ್ಲಿ, ನನ್ ಕೈಲಿ ಬೆಳ್ದ ಮಕ್ಳವಲ್ಲಾ, ಅವ್ರವ್ವಂದಿರ್ನ ಕೇಳಿ.”

ಕೇಳಬಹುದಿತ್ತು. ಆ ತಾಯಂದಿರಲ್ಲಿ ಮಂಜುಳ ಒಬ್ಬಳು ಇನ್ನೂ ಹೊಲಿಗೆಯ ಸಾಲಿನಲ್ಲಿದ್ದಳು. ಅವಳು ಎದ್ದು ಬಂದು ಹೇಳಿದಳು ಕೂಡ: “ಸಾರ್, ನನ್ ಮಗಳು ಇವ್ರ ಕೈಲೇ ನಡೆಯೋದು ಕಲ್ತಿದ್ದು.” ನಿಖಿಲ್ ತಲೆ ತಗ್ಗಿಸಿ ಕೇಳಿಸಿಕೊಂಡ. ಅದನ್ನು ಹಾಕಲು ಯಾವ ಖಾತೆಯೂ ಇರಲಿಲ್ಲ. ಮಂಜುಳ ಎದ್ದ ಹೊತ್ತನ್ನು ಕ್ಯಾಮೆರಾ ಹಿಡಿದು, ಅವಳ ಅಂದಿನ ಲೆಕ್ಕದಲ್ಲಿ ಕಳೆಯಿತು.

ನಾನು ಬಿಳಿ ಹಾಳೆಯ ಮೇಲೆ ನನ್ನ ಹೆಸರು, ಹುದ್ದೆ ಹಾಕಿ ಕನ್ನಡದಲ್ಲಿ ಒಂದು ಪತ್ರ ಬರೆದುಕೊಟ್ಟೆ. ಹಳೆಯ ಯಜಮಾನರ ಮನೆಗೂ ಹೋದೆ; ಅವರು ತೀರಿಹೋಗಿ, ಜಯನಗರದ ಆ ಮನೆಯಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟು ಏಳುತ್ತಿತ್ತು. ಶಾಲೆಯವರು ನನ್ನ ಪತ್ರವನ್ನು ಓದಿ, ಒಳ್ಳೆಯ ಮಾತಾಡಿ, ಕಂಪನಿಯ ಮೊಹರಿಲ್ಲದೆ ಆಗುವುದಿಲ್ಲ ಎಂದು ಹಿಂದಿರುಗಿಸಿದರು. ಮಡಿಲಲ್ಲಿ ಕೂತ ಮಗು ಇನ್ನೊಬ್ಬ ಆಯಾಳ ಮಡಿಲಿಗೆ ಹೊಂದಿಕೊಂಡಿರಬೇಕು.

ನನ್ನ ಕೆಲಸದ ಕೊನೆಯ ತಿಂಗಳುಗಳಲ್ಲಿ ಒಂದು ದಿನ ಕೆಳಗೆ ಹೋದಾಗ ಕ್ಯಾಮೆರಾ ಕೋಣೆಯಲ್ಲಿ ನೆಲ ಒರೆಸುತ್ತಿದ್ದವಳ ಬೆನ್ನು ನೋಡಿ ನಿಂತೆ. ಸ್ವಚ್ಛತೆಯ ಗುತ್ತಿಗೆ ಹಿಡಿದ ಏಜೆನ್ಸಿಯ ನೀಲಿ ಕೋಟು ತೊಟ್ಟಿದ್ದಳು.

“ಗೌರಮ್ಮ?”

“ಹೂಂ ಕಣ್ರವ್ವಾ. ನೆಲ ಒರ್ಸಕ್ಕೆ ಯಾವ್ ಕಾಗ್ದಾನೂ ಕೇಳಲ್ವಂತೆ.” ಮೇಲೆ ನೋಡಿದಳು. ತೊಟ್ಟಿಲು ಕಟ್ಟುತ್ತಿದ್ದ ಕೊಕ್ಕೆಗಳಲ್ಲಿ ಈಗ ಪರದೆಗಳ ವೈರು ಜೋತಾಡುತ್ತಿತ್ತು. “ಕೊಕ್ಕೆ ಮಾತ್ರ ಗಟ್ಟಿಯಾಗವೆ ನೋಡಿ.”

ಏಜೆನ್ಸಿಯ ಬಿಲ್ಲು ತಿಂಗಳ ಕೊನೆಗೆ ಬಂತು: ಕ್ಯಾಮೆರಾ ಕೋಣೆ ಸ್ವಚ್ಛತೆ, ಒಬ್ಬರು. ಕ್ಯಾಮೆರಾ ಕೋಣೆಯ ಖರ್ಚು ಯಾವ ಉಪಖಾತೆಗೆ ಹೋಗುತ್ತದೆ ಎಂದು ನಾನು ಯಾರನ್ನೂ ಕೇಳಬೇಕಿರಲಿಲ್ಲ. ಏಳನೆಯದಕ್ಕೆ ಹಾಕಿದೆ. ವಿವರದ ಜಾಗದಲ್ಲಿ ‘ಗೌರಮ್ಮ’ ಎಂದು ಬರೆದೆ.

ಮರುದಿನ ನಿಖಿಲ್ ಬಂದು ಮೆಲ್ಲಗೆ ಹೇಳಿದ: “ಮೇಡಂ, ಏಜೆನ್ಸಿ ಬಿಲ್ಲಲ್ಲಿ ವ್ಯಕ್ತಿ ಹೆಸರು ಹಾಕಬಾರದು. ಹೆಸರು ನಮ್ ಬುಕ್ಸಲ್ಲಿದ್ರೆ ನಾಳೆ ಅವ್ರು ಕಂಪನಿ ಕೆಲಸದವ್ರು ಅಂತ ಆಗಿಬಿಡುತ್ತೆ. ಲೀಗಲ್‌ನವರು ಬಿಡಲ್ಲ. ನಾನೇ ತೆಗೆದಿದೀನಿ, ಬೇಜಾರ್ ಮಾಡ್ಕೋಬೇಡಿ.”

ಮಧ್ಯಾಹ್ನ ನೀರು ಕುಡಿಯಲು ಕೆಳಗಿಳಿದೆ. ಗೌರಮ್ಮ ಬಕೆಟ್ಟು ಎತ್ತಿಕೊಂಡು ಎದುರು ಬಂದಳು.

“ಮೇಡಮ್ಮೋರೆ, ಈಗ ನನ್ನ ಯಾವ್ ಬಟ್ಲಿಗೆ ಹಾಕಿದ್ರಿ?”

“ಏಳನೇದಕ್ಕೇ.”

“ಅದಕ್ಕೇಯಾ? ಇದ್ದಲ್ಲೇ ಇವ್ನಿ ಅನ್ನಿ.” ಬಕೆಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿದಳು. “ಈ ಕಿತಾನಾದ್ರೂ ನನ್ನೆಸ್ರು ಬರದ್ರಾ?”

“ಬರೆದೆ ಗೌರಮ್ಮ,” ಎಂದೆ.

ಬರೆದಿದ್ದೆ. ಅಷ್ಟು ನಿಜ.